ಟೂರಿಸಂ ಕೆಲ್ಸದಲ್ಲಿ ಹುಡುಗ್ರು ಯಾಕೆ ನಿಲ್ತಾರೆ, ಯಾಕೆ ಬಿಟ್ಟೋಗ್ತಾರೆ? ಮೈಸೂರು ಮಂಡ್ಯ ಕಡೆಯವ್ರು ಹೇಳ್ರಪ್ಪ

ರೂಮ್ ಸೂಪರ್‌ವೈಸರ್

ಎಲ್ರಿಗೂ ನಮಸ್ಕಾರ. ಮೈಸೂರು ರೈಲ್ವೆ ಸ್ಟೇಷನ್ ಕಡೆ ಒಂದು ಹೋಟೆಲ್‌ನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ನಾನು, ಈ ಲೈನಲ್ಲಿ ಹದಿನಾಲ್ಕು ವರ್ಷ ಆಯ್ತು, ಇದು ಮೂರನೇ ಜಾಗ. ದಸರಾ ಮುಗಿದು ಹದಿನೈದು ದಿನ ಆಗಿಲ್ಲ, ನಾಲ್ಕು ಜನ ರೂಮ್ ಬಾಯ್ಸ್ ಬಿಟ್ಟೋದ್ರು. ಒಬ್ಬ ಫೋನ್ ಮಾಡಿ ಹೇಳ್ದ, ಇಬ್ರು ಫೋನೇ ಎತ್ತಲ್ಲ, ಇನ್ನೊಬ್ಬ ಯೂನಿಫಾರ್ಮ್ ಒಗೆದು ಇಸ್ತ್ರಿ ಮಾಡಿ ಲಾಕರಲ್ಲಿ ಮಡಚಿಟ್ಟು ಮೇಲೆ ಲಾಕರ್ ಕೀ ಇಟ್ಟು ಹೋಗಿದಾನೆ. ಜಗಳ ಆಡ್ಕೊಂಡು ಹೋಗಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ, ಆ ಇಸ್ತ್ರಿ ನೋಡಿ ಯಾಕೋ ಎರಡು ದಿನ ತಲೆಯಿಂದ ಹೋಗ್ಲೇ ಇಲ್ಲ.

ಓನರ್ ಮೀಟಿಂಗ್ ಕರೆದು "ಸಂಬಳ ಸಾಲ್ತಿಲ್ಲ ಅಂತ ಹೋಗಿರ್ತಾರೆ, ಐನೂರು ಜಾಸ್ತಿ ಮಾಡಿ ಹೊಸಬರನ್ನ ತಗೊಳಿ" ಅಂದ್ರು. ನಂಗ್ಯಾಕೋ ಬರೀ ಸಂಬಳ ಅನ್ನಿಸ್ತಿಲ್ಲ. ನಮಗಿಂತ ಕಮ್ಮಿ ಕೊಡೋ ಕಡೆ ಹತ್ತು ವರ್ಷದಿಂದ ಇರೋರು ಗೊತ್ತು ನಂಗೆ. ಹೋಟೆಲ್, ಟ್ರಾವೆಲ್ಸ್, ಗೈಡ್, ರೆಸಾರ್ಟ್ ಯಾವ್ದಾದ್ರೂ ಸರಿ, ನೀವು ಒಂದು ಕಡೆ ನಿಂತಿದ್ರೆ ಯಾಕೆ ನಿಂತ್ರಿ, ಬಿಟ್ಟಿದ್ರೆ ಯಾಕೆ ಬಿಟ್ರಿ ಅಂತ ಹೇಳಿ.

ಟ್ರಾವೆಲ್ಸ್ ಡ್ರೈವರ್

ಸಂಬಳ ಅಲ್ಲ ಅಂತ ಸಂಬಳ ತಗೊಳೋರು ಹೇಳ್ಬೇಕು ಗುರು, ಕೊಡೋರಲ್ಲ. ಮೊದ್ಲು ದುಡ್ಡು ಸರಿಯಾಗಿ ಐದನೇ ತಾರೀಕೊಳಗೆ ಕೈಗೆ ಬರ್ಬೇಕು, ಆಮೇಲೆ ಮಿಕ್ಕಿದ್ದು.

ರೂಮ್ ಸೂಪರ್‌ವೈಸರ್

ಒಪ್ದೆ ಅಣ್ಣ. ನಾನೂ ಸಂಬಳ ತಗೊಳೋನೇ 😄

ಸಪ್ಲೈಯರ್ ಟು ಕ್ಯಾಪ್ಟನ್

ಡ್ರೈವರಣ್ಣ ಹೇಳಿದ್ದು ನಿಜ. ಟಿಪ್ಸ್ ವಿಷ್ಯ ಯಾರೂ ಮಾತಾಡಲ್ಲ, ನಾನು ಹೇಳ್ತೀನಿ. ಮುಂಚೆ ಬಿಲ್ ಫೋಲ್ಡರಲ್ಲಿ ಸೋಂಪಿನ ಜೊತೆ ಇಪ್ಪತ್ತೋ ಐವತ್ತೋ ಉಳೀತಿತ್ತು, ಸಾಯಂಕಾಲ ಡಬ್ಬಿ ಒಡೆದು ಎಲ್ರೂ ಹಂಚ್ಕೊಳೋರು, ಪಾತ್ರೆ ತೊಳೆಯೋ ಅಮ್ಮಂಗೂ ಒಂದು ಪಾಲು. ಈಗ ಎಲ್ಲಾ ಸ್ಕ್ಯಾನ್, ಬಿಲ್ ಎಷ್ಟೋ ಅಷ್ಟೇ ಹೊಡೀತಾರೆ, ಜಾಸ್ತಿ ಹೊಡೆದ್ರೂ ಅದು ಓನರ್ ಅಕೌಂಟಿಗೆ ಹೋಗತ್ತೆ, ಅಲ್ಲಿಂದ ನಮಗೆ ಬರೋದು ಅವ್ರ ಮನಸ್ಸು. ಸರ್ವೀಸ್ ಚಾರ್ಜ್ ಅಂತ ಹಾಕ್ತಿದ್ರಲ್ಲ ಅದನ್ನೂ ಬಿಲ್ಲಿಗೆ ತಾನಾಗೇ ಸೇರಿಸಂಗಿಲ್ಲ ಅಂತ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕರ ಪ್ರಾಧಿಕಾರ ಹೇಳ್ತು. ಗೆಸ್ಟ್‌ಗೆ ಒಳ್ಳೇದೇ ಬಿಡಿ, ನಾವೂ ಎಲ್ಲಾದ್ರೂ ಹೋದ್ರೆ ಗೆಸ್ಟೇ ತಾನೆ. ಆದ್ರೆ ಅದರಲ್ಲಿ ಒಂದು ಪಾಲು ಸ್ಟಾಫಿಗೆ ಹಂಚ್ತಿದ್ದ ಕಡೆ ಕೈಗೆ ಬರೋದು ಕಮ್ಮಿ ಆಯ್ತು, ಅದನ್ನ ಸಂಬಳದಲ್ಲಿ ಯಾರೂ ತುಂಬಿ ಕೊಡ್ಲಿಲ್ಲ.

ಇಪ್ಪತ್ತಾರು ರೂಮು

ನಾನು ಓನರ್ ಸೈಡು, ಬೈಕೊಳಿ ಪರ್ವಾಗಿಲ್ಲ. ಸಣ್ಣ ಲಾಡ್ಜ್ ನಮ್ದು. 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಓಪನ್ ಆದ್ಮೇಲೆ ಬೆಂಗಳೂರಿಂದ 119 ಕಿಲೋಮೀಟರ್ ಅನ್ನೋದು ದೂರನೇ ಅಲ್ಲ, ಬೆಳಗ್ಗೆ ಹೊರಟು ಝೂ, ಅರಮನೆ, ಬೆಟ್ಟ ಮುಗಿಸ್ಕೊಂಡು ರಾತ್ರಿ ಊಟಕ್ಕೆ ಮನೆ ಸೇರ್ತಾರೆ. ಶನಿವಾರ ಭಾನುವಾರ ಫುಲ್ಲು, ಮಂಗಳವಾರ ಆರು ರೂಮು. ಆನ್‌ಲೈನ್ ಬುಕಿಂಗ್‌ನೋರ ಕಮಿಷನ್ ಬೇರೆ. ಹೆಂಗೆ ಸಂಬಳ ಏರ್ಸೋದು ಹೇಳಿ. ನಾನು ಒಂದು ಉಪಾಯ ಮಾಡ್ಕೊಂಡಿದೀನಿ, ಸೇರೋವಾಗ ಮೂವತ್ತು ಸಾವ್ರ ಅಡ್ವಾನ್ಸ್ ಕೊಡ್ತೀನಿ, ತಿಂಗಳಿಗೆ ಎರಡು ಸಾವ್ರದಂತೆ ಹಿಡೀತೀನಿ, ಹದಿನೈದು ತಿಂಗಳು ಅಲ್ಲಾಡಲ್ಲ.

ಕಾಲುವೆ ಬಯಲಿನೋನು

ಅದುಕ್ಕೆ ನಿಂತವ್ರೆ ಅನ್ನಲ್ಲ ಸಾರ್, ಕಟ್ಟಾಕವ್ರೆ ಅಂತಾರೆ. ಹದಿನಾರನೇ ತಿಂಗ್ಳು ಎಷ್ಟ್ ಜನ ಉಳುದ್ರು ಅಂತ ಏಳಿ ನೋಡವ.

ಇಪ್ಪತ್ತಾರು ರೂಮು

... ಸರಿ ಅದೂ ನಿಜ. ಮೂರರಲ್ಲಿ ಒಬ್ಬ.

ಗಂಗೋತ್ರಿ ಸ್ಟೂಡೆಂಟ್

ನಾನು ಟೂರಿಸಂನಲ್ಲಿ ಮಾಸ್ಟರ್ಸ್ ಮಾಡ್ತಾ ಇದೀನಿ, ಪ್ರಾಜೆಕ್ಟಿಗೆ ಇದೇ ಟಾಪಿಕ್ ತಗೊಂಡಿದೀನಿ ಅದಕ್ಕೆ ಮೂಗು ತೂರಿಸ್ತಿದೀನಿ, ಕ್ಷಮಿಸಿ. ಈ ಅಡ್ವಾನ್ಸ್ ಕಥೆ ನಮ್ಮ ಸಿಲಬಸಲ್ಲಿ ಹಂಗೇ ಇದೆ. ಅಲೆನ್, ಮೇಯರ್ ಅಂತ ಇಬ್ರು ಮನಃಶಾಸ್ತ್ರಜ್ಞರು 1990ರಲ್ಲಿ ಹೇಳಿದ್ದು, ಕೆಲಸಕ್ಕೆ ಜನ ಅಂಟ್ಕೊಳೋದು ಮೂರು ಥರ ಅಂತ. ಮನಸ್ಸಿಗೆ ಹಿಡಿಸಿ ಇರೋದು ಒಂದು, ಬಿಟ್ರೆ ಲಾಸು ಅಂತ ಇರೋದು ಒಂದು, ಇವ್ರನ್ನ ಬಿಟ್ಟೋದ್ರೆ ತಪ್ಪಾಗತ್ತೆ ಅನ್ನೋ ಋಣದಿಂದ ಇರೋದು ಇನ್ನೊಂದು. ಮೂರು ಥರದೋರೂ ಹಾಜರಿ ಪುಸ್ತಕದಲ್ಲಿ ಒಂದೇ ಥರ ಕಾಣ್ತಾರೆ, ಆದ್ರೆ ಎರಡನೇ ಥರದೋನು ಇರ್ತಾನೆ ಅಷ್ಟೇ, ಕೆಲ್ಸಕ್ಕೆ ಕೈ ಹಾಕಲ್ಲ. ಬೆಡ್ ಶೀಟ್ ಮೇಲ್ಗಡೆ ನೀಟಾಗಿ ಎಳೆದಿರ್ತಾನೆ, ದಿಂಬಿನ ಕವರ್ ಬದ್ಲಾಯ್ಸಿರಲ್ಲ, ಆ ಥರ.

ರೂಮ್ ಸೂಪರ್‌ವೈಸರ್

ದಿಂಬಿನ ಕವರ್ ಉದಾಹರಣೆ ಎಲ್ಲಿಂದ ಬಂತು ತಾಯಿ, ನಮ್ಮ ಹೋಟೆಲಲ್ಲಿ ಉಳ್ಕೊಂಡಿದ್ರಾ 😅

ಫ್ರಂಟ್ ಆಫೀಸ್ ಅಕ್ಕ

ಋಣ ಅನ್ನೋ ಮಾತು ನಂಗೆ ಆಗಲ್ಲ. "ನಾವೆಲ್ಲ ಒಂದೇ ಫ್ಯಾಮಿಲಿ" ಅಂತ ಹೇಳೋ ಕಡೆನೇ ಓವರ್‌ಟೈಮ್ ಕೊಡಲ್ಲ, ಗಮನಿಸಿ ನೋಡಿ. ಉಪ್ಪು ತಿಂದಿದೀಯ ಅಂತಾರೆ, ಆ ಉಪ್ಪಿಗೆ ಹನ್ನೆರಡು ಗಂಟೆ ನಿಂತಿದೀವಲ್ಲ ಕಾಲು ಊದೋ ತನಕ.

ನಾನು ಮೊದ್ಲು ಇದ್ದ ಹೋಟೆಲ್ ಬಿಟ್ಟಿದ್ದು ಒಂದೇ ಒಂದು ರಾತ್ರಿ ವಿಷ್ಯಕ್ಕೆ. ಡಿಸೆಂಬರ್ ವೀಕೆಂಡು, ಹನ್ನೊಂದೂವರೆಗೆ ಒಂದು ಫ್ಯಾಮಿಲಿ ಬಂತು, ಅವ್ರು ಬುಕ್ ಮಾಡಿದ್ದ ರೂಮು ಓವರ್‌ಬುಕಿಂಗ್ ಆಗಿ ಬೇರೆಯವ್ರಿಗೆ ಹೋಗಿತ್ತು. ಓವರ್‌ಬುಕಿಂಗ್ ಮಾಡಿದ್ದು ಮ್ಯಾನೇಜರ್, ನಾನಲ್ಲ, ನಾನು ಬೇಡ ಅಂತ ಹೇಳಿದ್ದೆ ಕೂಡ. ಆ ಗೆಸ್ಟ್ ಕೌಂಟರ್ ಮೇಲೆ ಕೈ ಕುಟ್ಟಿ ಬಾಯಿಗೆ ಬಂದಂಗೆ ಬೈದ, ಅವ್ನ ಮಗು ಸೋಫಾ ಮೇಲೆ ನಿದ್ದೆ ಮಾಡ್ತಿತ್ತು ಹಾಗಾಗಿ ಅವ್ನ ಕೋಪ ತಪ್ಪು ಅನ್ನೋಕೂ ಆಗಲ್ಲ. ಮ್ಯಾನೇಜರ್ ಹಿಂದಿನ ರೂಮಲ್ಲೇ ಇದ್ರು, ಬಾಗಿಲ ಕೆಳಗೆ ಅವ್ರ ಶೂ ಕಾಣ್ತಿತ್ತು ನಂಗೆ. ಹೊರಗೆ ಬರ್ಲಿಲ್ಲ. ಎಲ್ಲಾ ಮುಗಿದ್ಮೇಲೆ ಬಂದು "ಸ್ಮೈಲ್ ಮಾಡ್ಬೇಕಮ್ಮ ನೀನು, ಮುಖ ಗಂಟಾಕೊಂಡಿದ್ದೆ" ಅಂದ್ರು. ಮಾರನೇ ತಿಂಗ್ಳು ಬಿಟ್ಟೆ. ಈಗಿರೋ ಕಡೆ ಒಂದೂವರೆ ಸಾವ್ರ ಕಮ್ಮಿ, ಆದ್ರೆ ಇಲ್ಲಿ ಮ್ಯಾನೇಜರ್ ಮೇಡಂ ಕೌಂಟರ್ ಮುಂದೆ ಧ್ವನಿ ಏರಿದ ತಕ್ಷಣ ಪಕ್ಕ ಬಂದು ನಿಂತ್ಕೋತಾರೆ. ಮಾತಾಡ್ಲೇಬೇಕು ಅಂತೇನಿಲ್ಲ, ಪಕ್ಕ ನಿಂತ್ಕೊಂಡ್ರೆ ಸಾಕು. ಐದು ವರ್ಷ ಆಯ್ತು.

ಮತ್ತೆ ನೈಟ್ ಶಿಫ್ಟ್ ಡ್ರಾಪ್. ಹೆಣ್ಮಕ್ಕಳನ್ನ ಉಳಿಸ್ಕೊಳ್ಳೋಕೆ ಸೆಮಿನಾರ್ ಬೇಡ, ರಾತ್ರಿ ಹತ್ತೂವರೆಗೆ ಮನೆ ಬಾಗಿಲ ತನಕ ಒಂದು ಗಾಡಿ, ಬಟ್ಟೆ ಬದ್ಲಾಯ್ಸೋಕೆ ಚಿಲಕ ಇರೋ ಒಂದು ರೂಮು.

ಗಂಗೋತ್ರಿ ಸ್ಟೂಡೆಂಟ್

ಅಕ್ಕ, ನಗೋದೂ ಕೂಲಿ ಕೆಲ್ಸನೇ ಅಂತ 1983ರಲ್ಲೇ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಗಗನಸಖಿಯರ ಕೆಲ್ಸ ನೋಡಿ ಬರೆದ್ರು. ಎಮೋಷನಲ್ ಲೇಬರ್ ಅಂತಾರೆ. ಒಳಗೆ ಒಂದು, ಮುಖದ ಮೇಲೆ ಒಂದು ಇಟ್ಕೊಂಡು ದಿನಗಟ್ಟಲೆ ನಿಲ್ಲೋದು ಮೂಟೆ ಹೊತ್ತಂಗೇನೇ ಸುಸ್ತು ಮಾಡತ್ತೆ. ನಿಮ್ಮ ಶೂ ಕಾಣಿಸ್ತಿತ್ತು ಅನ್ನೋ ಮಾತನ್ನ ಹೆಸ್ರಿಲ್ದೆ ಪ್ರಾಜೆಕ್ಟಲ್ಲಿ ಹಾಕ್ಕೋಬಹುದಾ?

ಫ್ರಂಟ್ ಆಫೀಸ್ ಅಕ್ಕ

ಹಾಕ್ಕೊಮ್ಮ. ಕಪ್ಪು ಶೂ, ಪಾಲಿಶ್ ಬೇರೆ ಆಗಿತ್ತು.

ಪಾಂಡವಪುರ ಶಟಲ್

ಹೆಣ್ಮಕ್ಕಳ ವಿಷ್ಯ ಬಂತಲ್ಲ. 2023ರ ಜೂನಲ್ಲಿ ಶಕ್ತಿ ಶುರುವಾಗಿ ಬಸ್ ಫ್ರೀ ಆದ್ಮೇಲೆ ನಮ್ಮೂರಿಂದ ಆರು ಜನ ಮೈಸೂರಿಗೆ ಹೌಸ್‌ಕೀಪಿಂಗಿಗೆ ಹೋಗ್ತೀವಿ, ಬಸ್ ಚಾರ್ಜಿಗೆ ಹೋಗ್ತಿದ್ದ ದುಡ್ಡು ಉಳೀತು ಅಂತಾನೇ ಮನೇಲಿ ಒಪ್ಪಿದ್ದು. ಆದ್ರೆ ಸಾಯಂಕಾಲ ಆರಕ್ಕೆ ಬಿಡ್ತೀನಿ ಅಂದು ಏಳೂಕಾಲಿಗೆ ಬಿಟ್ರೆ ಬಸ್ ಫ್ರೀ ಇದ್ದು ಏನ್ ಬಂತು, ಹಳ್ಳಿ ಬಸ್ ಹೋಗಿರತ್ತೆ. ಟೈಮಿಗೆ ಬಿಡೋ ಕಡೆ ಇರ್ತೀವಿ. ಇಷ್ಟೇ ನಂದು.

ಕಾಲುವೆ ಬಯಲಿನೋನು

ಈಗ ನಂದು ವಸಿ ಉದ್ದ ಆಯ್ತದೆ, ಓದ್ರಪ್ಪ.

ನಾನು ಕೆಆರ್‌ಎಸ್ ಕಡೆ ಒಂದು ರೆಸಾರ್ಟಲ್ಲಿ ಎಂಟು ವರ್ಸ ಇದ್ದೆ. ನಮ್ ಕಡೆ ಹುಡುಗ್ರು ಅಂದ್ರೆ ಅರ್ಧ ಹೋಟ್ಲು, ಅರ್ಧ ಗದ್ದೆ. ಕಟ್ಟೆಯಿಂದ ಬರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೇಲಿ ನೀರು ಬುಟ್ರು ಅಂದ್ರೆ ಒಟ್ಲು ಆಕ್ಬೇಕು, ಆಮೇಲೆ ನಾಟಿ, ಒಂದು ವಾರ ಆಚೆ ಈಚೆ ಆದ್ರೆ ಆಳು ಸಿಕ್ಕಲ್ಲ. ಈಗ ತಮಾಸೆ ನೋಡಿ, ನಾಲೆಗೆ ನೀರು ಬುಡೋದು ಯಾವಾಗ, ಕಟ್ಟೆ ತುಂಬ್ತಾ ಬಂದಾಗ. ಕಟ್ಟೆ 124.80 ಅಡಿ ಮುಟ್ತು ಅಂತ ಟೀವೀಲಿ ಬಂದ್ರೆ ಬೆಂಗಳೂರಿಂದ ಜನ ಸಾಗರ, ಬೃಂದಾವನ ಗಾರ್ಡನ್ ಗೇಟಲ್ಲಿ ಕಾಲಿಡಕ್ಕೂ ಜಾಗ ಇರಲ್ಲ, ರೆಸಾರ್ಟ್ ಫುಲ್ಲು. ಅಂದ್ರೆ ಯಾವ ನೀರು ಗೆಸ್ಟ್‌ನ ತತ್ತದೋ ಅದೇ ನೀರು ಹುಡುಗ್ರನ್ನ ಗದ್ದೆಗೆ ಎಳ್ಕೊಂಡೋಯ್ತದೆ. ಇದ ಯಾವ ಬೆಂಗಳೂರು ಮ್ಯಾನೇಜರಿಗೂ ಏಳ್ಕೊಟ್ಟಿರಲ್ಲ.

ನಮ್ಮತ್ರ ಒಬ್ರು ಹಳೇ ಮ್ಯಾನೇಜರ್ ಇದ್ರು, ಅವ್ರೂ ರೈತರ ಮನೆಯೋರೇ. ಡ್ಯೂಟಿ ಚಾರ್ಟ್ ಪಕ್ಕ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್ ತಗಲಾಕಿರೋರು. ಜೂನ್‌ನಲ್ಲೇ ಎಲ್ರುನ್ನೂ ಕೂರ್ಸಿ "ನಿಂದು ಮೇಲ್ಗಾಲುವೆನಾ ಕೊನೇ ಭಾಗನಾ, ನಿಂಗೆ ನೀರು ಯಾವಾಗ ಬತ್ತದೆ, ನಿಮ್ಮೂರ ಮಾರಮ್ಮನ ಅಬ್ಬ ಯಾವಾಗ" ಅಂತ ಕೇಳಿ ಆ ದಿನದ ಮೇಲೆ ಹೆಸರು ಬರೆಯೋರು, ಪೆನ್ನಲ್ಲಿ. ಮೇಲ್ಗಾಲುವೆಯೋರು ಮೊದ್ಲು ಓಗಿ ನಾಟಿ ಮುಗಿಸ್ಕಂಡು ಬರೋರು, ಅಷ್ಟೊತ್ತಿಗೆ ಕೊನೇ ಭಾಗಕ್ಕೆ ನೀರು ತಲುಪೋದು, ಅವ್ರು ಓಗೋರು. ಎಷ್ಟೇ ರಶ್ ಇರ್ಲಿ ಬರೆದ ಹೆಸರು ಒಡುದಾಕಿದ್ದು ನಾ ನೋಡ್ಲಿಲ್ಲ. ಅವ್ರಿಗೋಸ್ಕರ ನಾವು ಆಮೇಲೆ ಡಬಲ್ ಡ್ಯೂಟಿ ಮಾಡ್ತಿದ್ದೋ, ಕೇಳ್ದೆನೇ. ಮೈಸೂರಲ್ಲಿ ಎರಡು ಸಾವ್ರ ಜಾಸ್ತಿ ಕೊಡ್ತೀನಿ ಅಂತ ಕರುದ್ರು, ಓಗ್ಲಿಲ್ಲ.

ಅವ್ರು ರಿಟೈರ್ ಆದ್ರು. ಹೊಸಬ್ರು ಬಂದ್ರು, ಒಳ್ಳೆ ಮನ್ಸನೇ, ಓದ್ಕೊಂಡೋರು. ಕ್ಯಾಲೆಂಡರ್ ತಗುದ್ರು, ರಜಾಗೆ ಆಪ್ ಆಕುದ್ರು, ಹದಿನೈದು ದಿನ ಮುಂಚೆ ಅಪ್ಲೈ ಮಾಡಿ ಅಂದ್ರು. ನಾಲೆ ನೀರು ಹದಿನೈದು ದಿನ ಮುಂಚೆ ಅಪ್ಲೈ ಮಾಡುತ್ತಾ? ಒಂದೇ ವರ್ಸಕ್ಕೆ ಏಳು ಜನ ಬುಟ್ಟೋ. ಅದ್ರಲ್ಲಿ ನಾನೂ ಒಬ್ಬ.

ಟ್ರಾವೆಲ್ಸ್ ಡ್ರೈವರ್

ಅಣ್ಣೋ "ನಾಲೆ ನೀರು ಅಪ್ಲೈ ಮಾಡುತ್ತಾ" 🙏🙏 ಪ್ರಿಂಟ್ ತೆಗ್ದು ನಮ್ಮ ಟ್ರಾವೆಲ್ಸ್ ಆಫೀಸಲ್ಲಿ ಅಂಟಿಸ್ತೀನಿ.

ಗಂಗೋತ್ರಿ ಸ್ಟೂಡೆಂಟ್

ಇದಕ್ಕೂ ಒಂದು ಹೆಸರಿದೆ (ಬೈಬೇಡಿ). 2001ರಲ್ಲಿ ಮಿಚೆಲ್ ಮತ್ತೆ ಅವ್ರ ಜೊತೆಗಾರರು ಜಾಬ್ ಎಂಬೆಡೆಡ್‌ನೆಸ್ ಅಂದ್ರು. ಒಬ್ಬ ಯಾಕೆ ಕೆಲ್ಸ ಬಿಡಲ್ಲ ಅನ್ನೋಕೆ ಕೆಲ್ಸದ ಒಳಗೆ ಮಾತ್ರ ಹುಡುಕ್ಬೇಡಿ, ಅವ್ನ ಊರು, ಮನೆ, ನೆಂಟಸ್ತನ ಇದಕ್ಕೆಲ್ಲ ಆ ಕೆಲ್ಸ ಎಷ್ಟು ಹೊಂದ್ಕೊಂಡಿದೆ, ಬಿಟ್ರೆ ಅದರಲ್ಲಿ ಏನೇನು ಕಳ್ಕೋತಾನೆ ಅಂತ ನೋಡಿ ಅಂತ. ಗಿಡ ಕೀಳೋವಾಗ ಬೇರಿನ ಜೊತೆ ಎಷ್ಟು ಮಣ್ಣು ಬರತ್ತೆ, ಹಂಗೆ. ಮಣ್ಣು ಅಂದಿದ್ದು ನಂದು, ಅವ್ರದ್ದಲ್ಲ.

ಕಾಲುವೆ ಬಯಲಿನೋನು

ಬೈಯಲ್ಲ ಕನಮ್ಮ, ಸರ್ಯಾಗೇ ಏಳಿದ್ದೀಯ.

ಅರಮನೆ ಗೈಡು

ನಮ್ದು ಬೇರೆ ಥರ, ನಮಗೆ ಓನರ್ರೇ ಇಲ್ಲ, ಯಾರಿಗೆ ಕಮಿಟ್ ಆಗೋದು? ಝೂ ಆದ್ರೂ ಮಂಗಳವಾರ ರಜೆ ಮಾಡತ್ತೆ, ಅರಮನೆಗೆ ವಾರದ ರಜೆ ಅನ್ನೋದೇ ಇಲ್ಲ. ಪಾರ್ಟಿ ಸಿಕ್ಕಿದ್ರೆ ದುಡ್ಡು, ಇಲ್ಲಾಂದ್ರೆ ಗೇಟ್ ಹತ್ರ ಕಡ್ಲೆಕಾಯಿ. 2020ರ ಮಾರ್ಚಿಂದ ತಿಂಗಳುಗಟ್ಟಲೆ ಒಂದು ರೂಪಾಯಿ ಇಲ್ದೆ ಕೂತಿದ್ವಿ, ನನ್ನ ಜೊತೆಯೋನು ಒಬ್ಬ ತರಕಾರಿ ಗಾಡಿ ಹಾಕ್ದ, ಮತ್ತೆ ವಾಪಸ್ ಬರ್ಲಿಲ್ಲ, ಈಗ ನನಗಿಂತ ಚೆನ್ನಾಗಿದಾನೆ.

ನಾನು ಯಾಕೆ ವಾಪಸ್ ಬಂದೆ ಅಂದ್ರೆ, ನಗ್ಬೇಡಿ. ದಿನಕ್ಕೆ ನಾಲ್ಕು ಸಲ ಅದೇ ಕಥೆ ಹೇಳ್ತೀನಿ, 1897ರಲ್ಲಿ ಮದುವೆ ಟೈಮಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು, ಹೆನ್ರಿ ಇರ್ವಿನ್ ಪ್ಲಾನ್ ಹಾಕಿ ಕೊಟ್ಟ, 1912ಕ್ಕೆ ಈ ಅರಮನೆ ಮುಗೀತು, ಕಲ್ಯಾಣ ಮಂಟಪದ ಎರಕದ ಕಂಬ ಗ್ಲಾಸ್ಗೋದಿಂದ ಹಡಗಲ್ಲಿ ಬಂತು. ಬಾಯಿಪಾಠ, ನಿದ್ದೇಲೂ ಹೇಳ್ತೀನಿ. ಒಂದ್ಸಲ ಸ್ಕಾಟ್ಲೆಂಡಿನ ಅಜ್ಜ ಒಬ್ರು ಈ ಗ್ಲಾಸ್ಗೋ ಮಾತು ಕೇಳಿದ್ದೇ ಗುಂಪಿಂದ ಹಿಂದೆ ಉಳ್ಕೊಂಡ್ರು. ಅವ್ರಪ್ಪ ಅಲ್ಲಿ ಎರಕದ ಕಾರ್ಖಾನೇಲಿ ಇದ್ದೋರಂತೆ, ಇದೇ ಕಾರ್ಖಾನೆ ಹೌದೋ ಅಲ್ವೋ ಅವ್ರಿಗೂ ಗೊತ್ತಿಲ್ಲ. ಬರಿಗಾಲಲ್ಲಿ ನಿಂತ್ಕೊಂಡು ಆ ಕಂಬ ಮೇಲಿಂದ ಕೆಳಗೆ ನೋಡ್ತಾನೇ ಇದ್ರು, ನಾನೂ ಮಾತಾಡ್ಲಿಲ್ಲ, ಸೆಕ್ಯುರಿಟಿಯೋನು ಮುಂದೆ ಹೋಗಿ ಅನ್ನೋದ ಮರೆತ. ಆಮೇಲಿಂದ ಆ ಕಂಬದ ಹತ್ರ ಬಂದಾಗ ನಾನು ಬಾಯಿಪಾಠ ಒಪ್ಪಿಸಲ್ಲ, ಒಂದು ನಿಮಿಷ ನಿಲ್ತೀನಿ, ಯಾರಾದ್ರೂ ಹಿಂದೆ ಉಳೀತಾರಾ ಅಂತ.

ಹಂಗಂತ ಬಾಯಿ ಸಿಹಿ ಮಾತಲ್ಲಿ ಹೊಟ್ಟೆ ತುಂಬಲ್ಲ. ಸೀರೆ ಅಂಗಡಿ, ಗಂಧದೆಣ್ಣೆ ಅಂಗಡಿಗೆ ಕರ್ಕೊಂಡೋದ್ರೆ ಕಮಿಷನ್ ಅಂತ ನಾನೂ ತಗೊಂಡಿದೀನಿ. ಫೀಸು ನೆಟ್ಟಗೆ ಸಿಕ್ಕೋ ಸೀಸನ್ನಲ್ಲಿ ಆ ಕಡೆ ತಲೆ ಹಾಕಲ್ಲ.

ಲೆಕ್ಕದ ಮೇಡಂ

ಅಕೌಂಟ್ಸಲ್ಲಿರೋಳು ನಾನು, ಎಲ್ಲರ ಕಥೆ ಕೇಳಿ ಕಣ್ಣಲ್ಲಿ ನೀರು ಬಂತು, ಈಗ ಪೇ ಸ್ಲಿಪ್ ತೆಗೀರಿ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಸ್ಟಾಫ್ ಇದ್ದು ನಿಮ್ಮ ಸಂಬಳ 21,000 ಒಳಗಿದ್ರೆ ಇಎಸ್‌ಐ (ಸ್ಟಾಫಿನ ಆರೋಗ್ಯ ವಿಮೆ) ಇರ್ಬೇಕು, ನಿಮ್ಮಿಂದ ಶೇ 0.75, ಓನರಿಂದ ಶೇ 3.25, ಮನೆಯವ್ರಿಗೂ ಟ್ರೀಟ್‌ಮೆಂಟು. ಇಪ್ಪತ್ತು ಜನ ಇದ್ರೆ ಪಿಎಫ್. ಪರ್ಮನೆಂಟ್ ಸ್ಟಾಫು ಐದು ವರ್ಷ ಮುಗಿಸಿದ್ರೆ ಕೆಲ್ಸ ಬಿಡೋವಾಗ ಗ್ರಾಚ್ಯುಟಿ ಅಂತ ಇಡಿಗಂಟು, ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕ, ತಿಂಗಳ ಬೇಸಿಕ್ಕು ಡಿಎ ಸೇರಿ 15,000 ಇದ್ರೆ ಅದನ್ನ 26ರಲ್ಲಿ ಭಾಗಿಸಿ 15ರಿಂದ ಗುಣಿಸಿ, ಐದು ವರ್ಷಕ್ಕೆ ಸುಮಾರು 43,269 ರೂಪಾಯಿ. ನಾನು ನೋಡಿದ ಒಂದು ಕಡೆ ಹೌಸ್‌ಕೀಪಿಂಗ್ ಎಲ್ಲಾ ಏಜೆನ್ಸಿಗೆ ಕೊಟ್ಟು ಹನ್ನೊಂದು ತಿಂಗಳಿಗೊಂದ್ಸಲ ಏಜೆನ್ಸಿ ಹೆಸರು ಬದ್ಲಾಯ್ಸೋರು, ಅದೇ ಹುಡುಗ್ರು, ಅದೇ ಪೊರಕೆ, ಪ್ರತಿ ವರ್ಷ ಹೊಸ ಜಾಯ್ನಿಂಗ್ ಡೇಟು. ಆಮೇಲೆ ಅದೇ ಓನರ್ "ಈಗಿನ ಹುಡುಗ್ರಿಗೆ ನಿಯತ್ತಿಲ್ಲ" ಅಂತ ನನ್ನ ಮುಂದೆನೇ ಹೇಳೋರು.

ಇಪ್ಪತ್ತಾರು ರೂಮು

ಇಎಸ್‌ಐ ಕಟ್ತೀನಿ ಮೇಡಂ, ನನ್ನ ನೋಡ್ಬೇಡಿ.

ಈ ಥ್ರೆಡ್ ಓದಿ ನಮ್ಮ ಲಾಡ್ಜಲ್ಲಿ ಹತ್ತೊಂಬತ್ತು ವರ್ಷದಿಂದ ಇರೋನನ್ನ ಕೇಳ್ದೆ, ಯಾಕಪ್ಪಾ ಇನ್ನೂ ಇಲ್ಲೇ ಇದೀಯ ಅಂತ. ಅವ್ನು ಮೊದ್ಲು ಹೆದರ್ಕೊಂಡ, ಕಳಿಸ್ಬಿಡ್ತಾರೇನೋ ಅಂತ. ಆಮೇಲೆ ಹೇಳ್ದ, "ಬಾಯ್ಲರ್ ನಂದಲ್ವಾ ಸಾರ್." ನಮ್ಮತ್ರ ಹಳೇ ಸೌದೆ ಬಾಯ್ಲರ್ ಇದೆ, ಬೆಳಗ್ಗೆ ನಾಲ್ಕಕ್ಕೆ ಹಚ್ಬೇಕು, ಇಪ್ಪತ್ತಾರು ರೂಮಿಗೂ ಆರು ಗಂಟೆಗೆ ಬಿಸಿನೀರು. ಎಷ್ಟು ಸೌದೆ, ಯಾವಾಗ ಗಾಳಿ ಮುಚ್ಚೋದು ಎಲ್ಲಾ ಅವ್ನಿಗೇ ಗೊತ್ತು, ಆ ರೂಮಿನ ಕೀ ಸಹ ಅವ್ನತ್ರನೇ ಇರೋದು, ಇಷ್ಟು ವರ್ಷದಲ್ಲಿ ನಾನು ಒಂದಿನ ಒಳಗೆ ಹೋಗಿ ಹಿಂಗ್ ಮಾಡು ಹಂಗ್ ಮಾಡು ಅಂದಿಲ್ಲ. ಅಂದಿಲ್ಲ ಅನ್ನೋದಕ್ಕೆ ಕಾರಣ ನಂಗೆ ಬರಲ್ಲ ಅಷ್ಟೇ, ದೊಡ್ಡತನ ಏನಲ್ಲ. ಮುಂದಿನ ವರ್ಷ ಸೋಲಾರ್ ಹಾಕ್ಸೋಣ ಅಂತಿದ್ದೆ. ಈಗ ಅವ್ನಿಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ತಿಲ್ಲ.

ಫ್ರಂಟ್ ಆಫೀಸ್ ಅಕ್ಕ

ಸೋಲಾರ್ ಕೀನೂ ಅವ್ರಿಗೇ ಕೊಡಿ ಸಾರ್. ಕಂಪನಿಯೋರು ಟ್ರೈನಿಂಗ್ ಕೊಡೋಕೆ ಬಂದಾಗ ಅವ್ರನ್ನೇ ಮುಂದೆ ನಿಲ್ಸಿ.

ರೂಮ್ ಸೂಪರ್‌ವೈಸರ್

ಎಲ್ರಿಗೂ ಥ್ಯಾಂಕ್ಸ್. ಕಾಲುವೆ ಅಣ್ಣನ ಪೋಸ್ಟ್ ಓದಿದ ರಾತ್ರಿ ಹಳೇ ಡ್ಯೂಟಿ ಚಾರ್ಟ್ ತೆಗೆದು ನೋಡ್ದೆ. ನಮ್ಮ ಚಾರ್ಟ್ ಪೆನ್ಸಿಲಲ್ಲಿ ಬರೆಯೋದು, ಪದೇ ಪದೇ ಬದ್ಲಾಗತ್ತೆ ಅಂತ. ಇಸ್ತ್ರಿ ಮಾಡಿಟ್ಟು ಹೋದ ಹುಡುಗನ ಹೆಸರಿನ ಮುಂದೆ ಮಹಾಲಯ ಅಮಾವಾಸ್ಯೆ ದಿನ 'ರ' (ರಜಾ) ಅಂತ ಬರೆದು ಅಳಿಸಿದ ಗುರುತಿದೆ. ಅಳಿಸಿದ್ದು ನಾನೇ. ಅಮಾವಾಸ್ಯೆ ಮಾರನೇ ದಿನದಿಂದ ದಸರಾ, ಹಿಂದಿನ ದಿನಾನೇ ಚೆಕ್‌ಇನ್ ಶುರು, ಎಂಟು ಜನ ಕೇಳಿದ್ರು, ಮೂರು ಜನಕ್ಕೆ ಕೊಟ್ಟೆ. ನಿನ್ನೆ ಬೇರೆ ನಂಬರಿಂದ ಫೋನ್ ಮಾಡ್ದೆ, ಎತ್ತಿದ. ಅವ್ರಪ್ಪ ಫೆಬ್ರವರೀಲಿ ತೀರ್ಕೊಂಡಿದ್ರಂತೆ, ಮೊದಲ ವರ್ಷದ ಪಕ್ಷ, ಎಡೆ ಇಡೋಕೆ ಮನೇಲಿ ಗಂಡು ಅಂತ ಇವ್ನೊಬ್ಬನೇ. "ಹೇಳ್ಬೇಕಿತ್ತಲ್ಲೋ" ಅಂದೆ. "ಫಸ್ಟ್ ಕೊಟ್ಟಿದ್ರಲ್ಲ ಸಾರ್, ಅದಕ್ಕೇ ಹೇಳ್ಲಿಲ್ಲ, ಆಮೇಲೆ ನೋಡಿದ್ರೆ ಚಾರ್ಟಲ್ಲಿ ಇರ್ಲಿಲ್ಲ" ಅಂದ. ದಸರಾ ಹತ್ತು ದಿನಾನೂ ಕೆಲ್ಸ ಮಾಡಿಕೊಟ್ಟೇ ಹೋಗಿದಾನೆ. ಈಗ ಬೇರೆ ಕಡೆ ಸೇರಿದಾನೆ, ಬಾ ಅಂತ ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ.

ಡಿಸೆಂಬರ್ ಚಾರ್ಟ್ ಬರೀಬೇಕು, 24ರಿಂದ ಜನವರಿ 1ರ ತನಕ ಫುಲ್ ಬುಕಿಂಗ್. ಇರೋ ಒಂಬತ್ತು ಜನರನ್ನ ಕೂರಿಸ್ಕೊಂಡು ಯಾರ್ಯಾರಿಗೆ ಯಾವ ದಿನ ತಪ್ಪಿಸೋಕೆ ಆಗಲ್ಲ ಅಂತ ಬರ್ಕೊಂಡೆ, ಪೆನ್ನಲ್ಲಿ. ಏಳು ಜನದ್ದು ಸರಿ ಹೋಯ್ತು. ಇಬ್ರದ್ದು ಒಂದೇ ದಿನ, 28ಕ್ಕೆ, ಒಬ್ಬಂದು ತಂಗಿ ಸೀಮಂತ, ಇನ್ನೊಬ್ಬಂದು ಹೊಸ ಮನೆ ಪೂಜೆ. ಏನ್ ಮಾಡ್ಲಿ?

ಕಾಲುವೆ ಬಯಲಿನೋನು

ಇಬ್ರುನ್ನೂ ಕಳ್ಸಣ್ಣ. ಆವತ್ತು ಒಂದಿನ ನೀನೇ ಟ್ರಾಲಿ ತಳ್ಳು, ಮಿಕ್ಕಿದ್ದೋರು ಎರಡೆರಡು ರೂಮ್ ಜಾಸ್ತಿ ಹಂಚ್ಕೋತಾರೆ, ಕೇಳಿ ನೋಡು. ಆಗ್ಲಿಲ್ಲ ಅಂದ್ರೆ ನಂಗೊಂದು ಫೋನ್ ಆಕು, ಭಾನುವಾರ ಆಗಿಲ್ದೆ ಇದ್ರೆ ನಾನೇ ಬತ್ತೀನಿ. ಬೆಡ್ ಆಕೋದು ಇನ್ನೂ ಮರ್ತಿಲ್ಲ.